ಠಾಣೆ ತನಕದ ರಕ್ಷಣಾ ಮಂತ್ರಿ

ನಮ್ಮ ಚಿಕ್ಕಪ್ಪ ಈ ದೇಶದ ರಕ್ಷಣಾ ಮಂತ್ರಿ ಆಗದೆ ಉಳಿದದ್ದು ಒಂದೇ ಕಾರಣಕ್ಕೆ: ದೆಹಲಿಗೆ ಹೋದರೆ ಡೊಂಬಿವಲಿಯ ಬೆಳಗಿನ ಫಾಸ್ಟ್ ಲೋಕಲ್ ರೈಲು ತಪ್ಪಿಹೋಗುತ್ತದಲ್ಲ!

ಬಜೆಟ್ಟಿನಲ್ಲಿ ಸೈನ್ಯಕ್ಕೆ ಎಷ್ಟು ಕೊಟ್ಟರೂ ಅವರಿಗೆ ಸಾಲದು. ಮನೆಯಲ್ಲೂ ಅದೇ ನೀತಿ. ಎರಡು ಕೋಣೆಯ ಫ್ಲ್ಯಾಟಿಗೆ ಕಬ್ಬಿಣದ ಬಾಗಿಲು, ಅದಕ್ಕೆ ಮೂರು ಬೀಗ. "ಒಳಗಿರೋದು ನಾನು, ಒಂದು ಕುಕ್ಕರು. ಯಾವ ಶತ್ರು ಬರ್ತಾನೆ?" ಎಂದು ಚಿಕ್ಕಮ್ಮ ಕೇಳಿದ್ದರು. ಒಂದು ದಿನ ಚಿಕ್ಕಪ್ಪ ಕೀಲಿಕೈ ಮರೆತು, ಚಿಕ್ಕಮ್ಮ ಪೇಟೆಯಿಂದ ಬರುವವರೆಗೆ ಮೆಟ್ಟಿಲ ಮೇಲೆ ಕೂತರು. ಬೇಜಾರಾಯಿತೆ? ಎಲ್ಲಿಯ ಮಾತು! "ನೋಡಿದೆಯಾ, ನನ್ನನ್ನೇ ಒಳಗೆ ಬಿಡಲಿಲ್ಲ!" ಎಂದು ಹೆಮ್ಮೆಪಟ್ಟರು.

ಅವರ ಕಟ್ಟಾ ವಿರೋಧಿ ಸಿಗುತ್ತಿದ್ದದ್ದು ಲೋಕಲ್ಲಿನಲ್ಲೇ. ವಿಜಯಪುರ ಕಡೆಯ ಗೌಡರು. ಗೋದಾಮಿನಲ್ಲಿ ಹಮಾಲರ ಮೇಲ್ವಿಚಾರಣೆಯ ಮುಕಾದಮ, ಎದುರು ಪಕ್ಷದವರು.

"ಒಂದ್ ವಿಮಾನದ ರೊಕ್ಕದಾಗ ಎಷ್ಟ್ ದವಾಖಾನಿ ಆಗ್ತಾವ ಹೇಳ್ರಿ ಸರ?" ಎಂದು ಗೌಡರು.

"ದೇಶವೇ ಉಳೀದಿದ್ರೆ ದವಾಖಾನೆ ಎಲ್ಲಿ ಕಟ್ತೀರಿ?" ಎಂದು ಚಿಕ್ಕಪ್ಪ.

ದಿನವೂ ಜೊತೆಗೆ ಪ್ರಯಾಣಿಸುವ ನಮ್ಮ ಗುಂಪಿನಲ್ಲಿ ಒಂದು ನಿಯಮ. ಡೊಂಬಿವಲಿಯಿಂದ ಕೂತು ಬಂದವರು ನಡುದಾರಿಯ ಠಾಣೆ ನಿಲ್ದಾಣದಲ್ಲಿ ಎದ್ದು, ನಿಂತವರಿಗೆ ಸೀಟು ಕೊಡಬೇಕು. ಠಾಣೆ ಬಂದದ್ದೇ ಗೌಡರು, "ಏಳ್ರಿ ಸರ, ನಿಮ್ಮ ಗಡಿ ಇಲ್ಲಿಮಟಾ ಅಷ್ಟ!" ಎನ್ನುತ್ತಿದ್ದರು. ಚಿಕ್ಕಪ್ಪ ಏಳುತ್ತಿದ್ದರು, ಬಾಯಿ ಮಾತ್ರ ಮುಚ್ಚುತ್ತಿರಲಿಲ್ಲ.

ಕಳೆದ ಬಜೆಟ್ಟಿನ ಹೊತ್ತಿಗೆ ಗೌಡರು ಆಸ್ಪತ್ರೆ ಸೇರಿದರು. ಮಂಚ ಸಿಗದೆ ನೆಲದ ಮೇಲೆ ಹಾಸಿಗೆ. ಸಲೈನ್ ತೂಗುಹಾಕಲು ಸ್ಟ್ಯಾಂಡೂ ಇಲ್ಲ. ಮಧ್ಯಾಹ್ನವೆಲ್ಲ ಚಿಕ್ಕಪ್ಪನೇ ಬಾಟಲಿ ಎತ್ತಿ ಹಿಡಿದು ನಿಂತರು. ಅಂದು ಅವರ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ.

ಮರುದಿನ ಲೋಕಲ್ಲಿನಲ್ಲಿ ಯಾರೋ ಚಿಕ್ಕಪ್ಪನನ್ನು ಖುಷಿಪಡಿಸಲೆಂದು, "ಈ ಸಲ ಸೈನ್ಯಕ್ಕೆ ಚೆನ್ನಾಗಿ ಕೊಟ್ರು ಬಿಡಿ ಸಾರ್" ಎಂದರು.

ಕೂತಲ್ಲಿಂದಲೇ ಚಿಕ್ಕಪ್ಪ ಗುಡುಗಿದರು: "ಒಂದು ವಿಮಾನದ ದುಡ್ಡಲ್ಲಿ ಎಷ್ಟು ದವಾಖಾನೆ ಆಗ್ತವೆ, ಗೊತ್ತೇನ್ರೀ?"

ನಾನು ಕಣ್ಣರಳಿಸಿದೆ. "ಪಕ್ಷ ಬದಲಾಯಿಸಿದ್ರಾ ಚಿಕ್ಕಪ್ಪ?"

"ಛೇ! ನನ್ನ ವೋಟು ಇದ್ದಲ್ಲೇ ಇದೆ. ಗೌಡ್ರು ಬರೋವರೆಗೆ ಅವರ ಮಾತು ಆಡೋಕೂ ಯಾರಾದ್ರೂ ಬೇಕಲ್ವೇನೋ?"

ಠಾಣೆ ಬಂತು. ಚಿಕ್ಕಪ್ಪ ಎದ್ದು ಸೀಟಿನ ಮೇಲೆ ಕರವಸ್ತ್ರ ಹಾಸಿದರು. ನುಗ್ಗಿ ಬಂದವನೊಬ್ಬ ಕೂರಲು ಹೋದ.

"ಆದ್ಮಿ ಹೈ" ಎಂದರು ಚಿಕ್ಕಪ್ಪ. ಸೀಟಿಗೆ ಜನ ಇದ್ದಾರೆ ಎಂದರ್ಥ.

ಗಾಡಿ ಹೊರಟಿತು. ಚಿಕ್ಕಪ್ಪ ಸರಳು ಹಿಡಿದು ನಿಂತು, ಆ ಕರವಸ್ತ್ರದ ಕಡೆಗೆ ಬಾಗಿ ಮೆಲ್ಲಗೆ ಕೇಳಿದರು: "ದೇಶವೇ ಉಳೀದಿದ್ರೆ ದವಾಖಾನೆ ಎಲ್ಲಿ ಕಟ್ತೀರಿ, ಗೌಡ್ರೇ?"