ದಾಸವಾಳದ ಚಿತ್ರಕ್ಕೆ ನನ್ನ ಸಹಿ

ವಿಜ್ಞಾನ ಮತ್ತು ಕಲೆ ಒಂದಾಗಬೇಕು ಎಂದು ಭಾಷಣ ಮಾಡುವುದು ನನಗೆ ನೀರು ಕುಡಿದಷ್ಟು ಸುಲಭ. ಒಂದಾಗಿಬಿಟ್ಟರೆ ಮುಂದೇನು ಎಂಬುದನ್ನು ಮಾತ್ರ ಯೋಚಿಸಿರಲಿಲ್ಲ. ಪುಣೆಯ ಶಿವಾಜಿನಗರದ ನಮ್ಮ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಸಸ್ಯಶಾಸ್ತ್ರ ಕಲಿಸುತ್ತಿದ್ದೇನೆ. ಈಗ ಸಸ್ಯಶಾಸ್ತ್ರದ ಜೊತೆ ಚಿತ್ರಕಲೆ, ಗಣಿತದ ಜೊತೆ ಕಥಕ್, ಯಾವುದಕ್ಕೆ ಯಾವುದನ್ನು ಬೇಕಾದರೂ ಕೂಡಿಸಿ ಓದಬಹುದು ಎಂದಾದಾಗ, ಅದನ್ನು ನೋಡಿಕೊಳ್ಳುವ ಸಮಿತಿಗೆ ನನ್ನನ್ನೇ ಅಧ್ಯಕ್ಷನನ್ನಾಗಿ ಆರಿಸಿದರು. ಕಾರಣ ಇಷ್ಟೇ, ಆ ದಿನದ ಸಭೆಗೆ ನಾನು ಹೋಗಿರಲಿಲ್ಲ. ಮನೆಯಲ್ಲಿ ಈ ಸಂತೋಷ ಹಂಚಿಕೊಂಡರೆ ಧಾರವಾಡದ ನನ್ನ ಹೆಂಡತಿ, "ತಾಟಿನ್ಯಾಗ ಪಲ್ಯಾಕ್ಕ ಸಾರು ಹತ್ತಿದ್ರ ಊಟಾ ಬಿಟ್ಟು ಏಳೋರು ನೀವು. ನೀವೇನು ಕೂಡಸ್ತೀರಿ?" ಎಂದಳು. ಇಲ್ಲಿಯ ನೀರು ಇಷ್ಟು ವರ್ಷ ಕುಡಿದರೂ ಅವಳ ಮಾತಿನ ಖಾರ ಇಳಿದಿಲ್ಲ.

ಆದರೂ ಮೊದಲ ವರ್ಷವೇ ನಮ್ಮ ಸಮಿತಿ ಭರ್ಜರಿ ಯಶಸ್ಸು ಕಂಡಿತು. ಸಸ್ಯಶಾಸ್ತ್ರ, ಚಿತ್ರಕಲೆ ಎರಡನ್ನೂ ಆರಿಸಿಕೊಂಡ ವಿದ್ಯಾರ್ಥಿಗಳು ಒಟ್ಟು ಒಬ್ಬರು. ಹೆಸರು ಪಲ್ಲವಿ. ಬೆಳಗಾವಿ ಕಡೆಯವರು, ತಂದೆಗೆ ಪುಣೆಯ ಹೊರಗಿನ ಸಾಸವಡದಲ್ಲಿ ಬಟ್ಟೆ ಅಂಗಡಿ. ದಿನಾ ಅಲ್ಲಿಂದ ಬಸ್ಸಿನಲ್ಲಿ ನಿಂತು ಬರುತ್ತಿದ್ದ ಹುಡುಗಿ. ಕನ್ನಡದವಳು, ಹೇಳಿದ ಹಾಗೆ ಕೇಳುತ್ತಾಳೆ ಎಂದು ನಾನು ತಿಳಿದದ್ದು ನನ್ನ ಮೊದಲ ತಪ್ಪು.

ಸಸ್ಯಶಾಸ್ತ್ರದಲ್ಲಿ ಜರ್ನಲ್ ಎಂದರೆ ಸಾಕ್ಷಾತ್ ವೇದ. ಪ್ರತಿ ಪ್ರಯೋಗದ ಚಿತ್ರವನ್ನೂ ಅದರಲ್ಲಿ ಬಿಡಿಸಿ ನಮ್ಮ ಸಹಿ ಪಡೆಯದೆ ಪರೀಕ್ಷೆಗೆ ಕೂರುವಂತಿಲ್ಲ. ಚೂಪಾದ ಪೆನ್ಸಿಲ್ ಇರಬೇಕು, ಬರೀ ಗೆರೆ ಇರಬೇಕು, ನೆರಳು ತುಂಬುವುದು ಮಹಾಪಾಪ. ಪಲ್ಲವಿ ದಾಸವಾಳಕ್ಕೆ ಚೆನ್ನಾಗಿ ನೆರಳು ತುಂಬಿದ್ದಳು. ಹೂವು ಹಾಳೆಯಿಂದ ಎದ್ದು ಬರುವ ಹಾಗಿತ್ತು. ಅದಕ್ಕೇ ನನಗೆ ಸಿಟ್ಟು ಬಂದು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದೆ. ಪಾಪ, ಅದೇ ಹೂವನ್ನು ಬರೀ ಗೆರೆಯಲ್ಲಿ ಬಿಡಿಸಿ, ಎಸಳು, ಕೇಸರಗಳ ಹೆಸರು ಬರೆದು ಚಿತ್ರಕಲೆಯ ಮೇಡಂಗೆ ತೋರಿಸಿದಳಂತೆ. ಅವರು, "ಇದು ಚಿತ್ರವೋ, ಔಷಧ ಅಂಗಡಿಯ ಬೋರ್ಡೋ?" ಎಂದು ಮರಾಠಿಯಲ್ಲಿ ಬೈದು ಕಳಿಸಿದರು. ನಮ್ಮ ಕಾಲೇಜಿನ ಇತಿಹಾಸದಲ್ಲಿ ವಿಜ್ಞಾನ ಮತ್ತು ಕಲಾ ವಿಭಾಗಗಳು ಒಮ್ಮತಕ್ಕೆ ಬಂದದ್ದು ಅದೇ ಮೊದಲು.

ಸಹಿಗೆ ಕೊನೆಯ ದಿನ ಪಲ್ಲವಿ ಆ ಬರೀ ಗೆರೆಯ ಚಿತ್ರವನ್ನೇ ನನ್ನ ಬಳಿ ತಂದಳು. ಸಂಜೆ ಐದರೊಳಗೆ ಸಹಿ ಸಿಗದಿದ್ದರೆ ಅವಳ ಒಂದು ವರ್ಷ ಹೋಗುತ್ತಿತ್ತು. ನನಗೆ ಗೊತ್ತಿತ್ತು. ಗೊತ್ತಿದ್ದೂ ತಪ್ಪು ಹುಡುಕಿದೆ, ಸಿಕ್ಕೇಬಿಟ್ಟಿತು. ದಾಸವಾಳದ ಎಸಳುಗಳು ಸೀರೆಯ ನೆರಿಗೆಯಂತೆ ಒಂದರ ಮೇಲೊಂದು ಒಂದೇ ದಿಕ್ಕಿಗೆ ಹೊರಳಿರುತ್ತವೆ.

"ಪಟದಾಗ ಎಡಕ್ಕ ಹೊಳ್ಳ್ಯಾವ. ನೀ ಬಲಕ್ಕ ತಗದೀ," ಎಂದು ಗೋಡೆಯ ಪಟ ತೋರಿಸಿದೆ.

"ಗಿಡಕ್ಕ ಯಾರೂ ಪಟಾ ತೋರ್ಸಿಲ್ಲ ಕಾಣಸ್ತದ್ರಿ ಸರ್," ಎನ್ನುತ್ತ ಅವಳು ಊಟದ ಡಬ್ಬಿಯಿಂದ ಎರಡು ಹೂವು ತೆಗೆದು ಮೇಜಿನ ಮೇಲಿಟ್ಟಳು. ಎರಡೂ ನಮ್ಮ ಕಾಲೇಜಿನ ಅಂಗಳದ ಒಂದೇ ಗಿಡದವು. ಒಂದು ಎಡಕ್ಕೆ ಹೊರಳಿತ್ತು, ಇನ್ನೊಂದು ಬಲಕ್ಕೆ.

ಎರಡನ್ನೂ ಎತ್ತಿ ಪಟದ ಪಕ್ಕ ಹಿಡಿದು ನೋಡಿದೆ. ಇಪ್ಪತ್ತಾರು ವರ್ಷ ನಾನು ಪಟ ನೋಡಿ ಕಲಿಸಿದ್ದೆ, ಮಕ್ಕಳು ನನ್ನನ್ನು ನೋಡಿ ಬರೆದಿದ್ದರು. ಆ ಗಿಡದ ಪಕ್ಕದಲ್ಲೇ ದಿನಾ ಸ್ಕೂಟರ್ ನಿಲ್ಲಿಸುತ್ತೇನೆ. ಎಷ್ಟು ಮಕ್ಕಳ ಸರಿಯಾದ ಹೂವಿಗೆ ಕೆಂಪು ಗೆರೆ ಎಳೆದಿದ್ದೇನೋ ಎಂದು ನೆನೆದು ನಿಜವಾಗಿ ನಾಚಿಕೆಯಾಯಿತು.

"ನಿನಗ ಹೆಂಗ ಗೊತ್ತಾತು?" ಎಂದೆ.

"ನೆರಳು ತುಂಬಬೇಕಂದ್ರ ಯಾವ ಎಸಳು ಮ್ಯಾಲ ಅದ, ಯಾವುದು ಕೆಳಗ ಅದ, ನೋಡ್ಲೇಬೇಕಲ್ರೀ."

ತಕ್ಷಣ ಸಹಿ ಹಾಕಿದೆ. ಅಷ್ಟಕ್ಕೇ ಪೆನ್ನು ಮುಚ್ಚಿದ್ದರೆ ದೊಡ್ಡ ಮನುಷ್ಯ ಅನ್ನಿಸಿಕೊಳ್ಳುತ್ತಿದ್ದೆ. ಸಹಿಯ ಮೇಲೆ ಒಂದಿಷ್ಟು ಜಾಗ ಖಾಲಿ ಕಂಡಿತು. ಅಲ್ಲಿ, 'ನನ್ನ ಮಾರ್ಗದರ್ಶನದಲ್ಲಿ ಸೂಕ್ಷ್ಮವಾಗಿ ಗಮನಿಸಿ ಬಿಡಿಸಿದ್ದು' ಎಂದು ಬರೆದೆ.

ಪಲ್ಲವಿ ಅದನ್ನು ಎರಡು ಸಲ ಓದಿದಳು. ಜರ್ನಲ್ ಚೀಲಕ್ಕೆ ಹಾಕಿಕೊಂಡು, ಹೂವುಗಳನ್ನು ನನ್ನ ಕಡೆಗೆ ಸರಿಸಿ, ಭಾಳ ವಿನಯದಿಂದ ಹೇಳಿದಳು: "ಇವು ಇಲ್ಲೇ ಇರ್ಲಿ ಸರ್. ಮುಂದಿನ ವರ್ಷದವರಿಗೂ ಮಾರ್ಗದರ್ಶನ ಮಾಡಬೇಕಲ್ರಿ ನೀವು."