ಹನ್ನೆರಡು ಫೋನಿನಲ್ಲಿ ಒಂದು ಪ್ರಾಣ

ರಮ್ಯಾ ಒತ್ತಬೇಕಾಗಿದ್ದದ್ದು ‘ನನಗೆ ಮಾತ್ರ’ ಎಂಬ ಚೌಕ. ಒತ್ತಿದ್ದು ಅದರ ಕೆಳಗಿನ ‘ಎಲ್ಲರಿಗೂ’. ಎರಡರ ನಡುವೆ ಸಾಸಿವೆ ಕಾಳಿನಷ್ಟು ಜಾಗ. ಸರಿಯಾಗಿ ಅದೇ ಹೊತ್ತಿಗೆ ಹಿತ್ತಲಿನಿಂದ ಅವಳವ್ವ ಯಶೋದಮ್ಮ, “ಹಾಲು ಉಕ್ತಾ ಅದೇನೋ ನೋಡೇ!” ಎಂದು ಕೂಗಿದಳು. ರಮ್ಯಾ ಕತ್ತು ತಿರುಗಿಸಿದಳು, ಬೆರಳು ಜಾರಿತು.

ಹಾಲು ಉಕ್ಕಿರಲಿಲ್ಲ. ಆದರೆ ಒಲೆ ಪಕ್ಕ ಇಟ್ಟಿದ್ದ ಯಶೋದಮ್ಮನ ಫೋನು ಊಳಿಟ್ಟಿತು. ಅದಕ್ಕೆ ಓಗೊಟ್ಟಂತೆ ಪಕ್ಕದ ಮನೆಯದು, ಎದುರು ಮನೆಯದು, ಮೂಲೆಯ ಟೀ ಅಂಗಡಿಯದು. ಒಂದು ನರಿ ಶುರು ಮಾಡಿದರೆ ಉಳಿದವು ಬಾಯಿ ಮುಚ್ಚಿಕೊಂಡಿರುತ್ತವೆಯೇ? ಎಲ್ಲ ಪರದೆಯ ಮೇಲೂ ಒಂದೇ ಕೆಂಪಕ್ಷರ: ‘ಬೆಂಕಿ! ಬೆಂಕಿ! ದೊಡ್ಡಬೀರಯ್ಯನವರ ಬ್ಯಾರನ್‌ಗೆ ಬೆಂಕಿ!’

ದೊಡ್ಡಬೀರಯ್ಯನವರ ಹೆಸರೇ ಯಾಕೆಂದರೆ, ಪರೀಕ್ಷೆಗೆ ಒಂದು ಹೆಸರು ಬೇಕಿತ್ತು, ರಮ್ಯಾಳ ಕಿಟಕಿಗೆ ಕಾಣುವ ಬ್ಯಾರನ್ ಅದೊಂದೇ.

ಪಿರಿಯಾಪಟ್ಟಣದ ಸುತ್ತಿನ ಊರುಗಳಲ್ಲಿ ಹೊಗೆಸೊಪ್ಪು ಬೇಯಿಸುವ ಕಾಲ ಬಂದರೆ ಬ್ಯಾರನ್ನೇ ಮನೆದೇವರು. ಆ ಎತ್ತರದ ಗೂಡಿನೊಳಗೆ ಸೊಪ್ಪು ತೂಗುಹಾಕಿ, ಹೊರಗಿನ ಒಲೆ ಬಾಯಿಗೆ ಹಗಲು ರಾತ್ರಿ ಸೌದೆ ಉಣಿಸಬೇಕು. ಒಂದು ಒಣಗಿದ ಎಲೆ ಒಳಗಿನ ಬಿಸಿ ಕೊಳವೆಯ ಮೇಲೆ ಉದುರಿತೋ, ವರ್ಷದ ಬೆಳೆಯೇ ಬೂದಿ. ಅದಕ್ಕೆಂದೇ ರಮ್ಯಾ ‘ಬ್ಯಾರನ್ ಕಾವಲು’ ಎಂಬ ಆ್ಯಪ್ ಮಾಡಿದ್ದಳು. ಬೆಂಕಿ ಕಂಡವರು ತಮ್ಮ ಫೋನಿನ ಕೆಂಪು ಗುಂಡಿ ಒತ್ತಿದರೆ ಸಾಕು, ಉಳಿದವರ ಫೋನುಗಳೆಲ್ಲ ಕಿರುಚಿಕೊಳ್ಳುತ್ತವೆ.

ಆದರೆ ಆ್ಯಪ್ ಮಾಡಿದ ಮಾತ್ರಕ್ಕೆ ಫೋನಿನ ಆ್ಯಪ್ ಸ್ಟೋರಿನೊಳಕ್ಕೆ ಬಿಡುವುದಿಲ್ಲ. ಹನ್ನೆರಡು ಜನ ತಮ್ಮ ಫೋನಿನಲ್ಲಿ ಎರಡು ವಾರ ಬಿಡದೆ ಇಟ್ಟುಕೊಂಡಿರಬೇಕು, ನಡುವೆ ಒಬ್ಬರು ಕೈಬಿಟ್ಟರೂ ಎಣಿಕೆ ಮೊದಲಿನಿಂದ ಎಂದು ಸ್ಟೋರಿನವರ ಕಟ್ಟಳೆ. ಅಜ್ಜಿ ಕತೆಯ ರಾಕ್ಷಸ ಏಳು ಕಡಲಿನಾಚೆಯ ಗಿಳಿಯೊಂದರಲ್ಲಿ ತನ್ನ ಪ್ರಾಣ ಇಟ್ಟಿದ್ದನಂತೆ. ಅವನೇ ಪುಣ್ಯವಂತ, ಒಂದೇ ಗಿಳಿ. ರಮ್ಯಾಳ ಪ್ರಾಣ ಹನ್ನೆರಡು ಫೋನಿನಲ್ಲಿ ಹಂಚಿಹೋಗಿತ್ತು. ಒಂದೊಂದು ಮನೆಗೂ ಹೋಗಿ ಕೈಮುಗಿದು ಹಾಕಿಸಿದ್ದಳು. “ಹಾಕ್ಕೊಂಡು ಸುಮ್ನೆ ಬುಡಿ. ತೆಗೀಬೇಡಿ, ಒತ್ಬೇಡಿ, ಮುಟ್ಲೇಬೇಡಿ” ಎಂದು ಮಂತ್ರದ ಹಾಗೆ ಹೇಳಿಕೊಟ್ಟಿದ್ದಳು.

ಅಂದು ಭಾನುವಾರ, ಆ ಸಂಜೆಗೆ ಎರಡು ವಾರ ಮುಗಿಯುತ್ತಿತ್ತು. ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡ್ ಎದುರಿನ ಕಂಪ್ಯೂಟರ್ ಸೆಂಟರಿನಲ್ಲಿ ಅವಳಿಗೆ ಜೆರಾಕ್ಸ್ ಕೆಲಸ. ಪಹಣಿ, ಜಾತಿ ಸರ್ಟಿಫಿಕೇಟು, ಆಧಾರ್ ಕಾರ್ಡಿನ ಹಿಂದು ಮುಂದು. ಮಾಲೀಕ ನಂಜುಂಡೇಶ್, “ನಿನ್ ಆ್ಯಪು ಸ್ಟೋರ್‌ಗೆ ಬಂದ್ರೆ ಹಿಂದಿನ ಕೋಣೆ ನಿಂದೇ ಕಣಮ್ಮ. ಅಲ್ಲೇ ಕೂತು ಆ್ಯಪ್ ಕೆಲ್ಸ ಮಾಡು. ಬರ್ಲಿಲ್ವಾ, ಜೆರಾಕ್ಸ್ ಮಿಶನ್ನೇ ಗತಿ” ಎಂದಿದ್ದರು. ಬಾಗಿಲಿರುವ ಕೋಣೆ! ಒಳಗೊಂದು ಕಿಟಕಿ, ಕಿಟಕಿಯಾಚೆ ಹೊಂಗೆ ಮರ. ರಮ್ಯಾ ಎರಡು ವಾರದಿಂದ ಆ ಮರದ ಕನಸು ಕಾಣುತ್ತಿದ್ದಳು.

ಈಗ ಬೀದಿಯಲ್ಲಿ ಬೇರೆಯೇ ದೃಶ್ಯ. ಎದುರು ಮನೆ ಮಾಯಮ್ಮ ಸೀರೆ ಸೊಂಟಕ್ಕೆ ಸಿಕ್ಕಿಸಿ ಬಿಂದಿಗೆ ಹೊತ್ತು ಓಡುತ್ತಿದ್ದಳು. ಟೀ ಅಂಗಡಿ ಕಾಂತರಾಜು ಲೋಟ ತೊಳೆದ ನೀರಿನ ಬಕೆಟ್ಟು ಹಿಡಿದು, “ಬರ್ರಲಾ, ಬೀರಯ್ಯಣ್ಣನ ಬ್ಯಾರನ್ ಓಯ್ತು!” ಎಂದು ಅರಚುತ್ತ ಅವಳ ಹಿಂದೆ. ಅವರ ಹಿಂದೆ ಊರು.

“ಸುಳ್ಳು! ಪರೀಕ್ಷೆ! ಪರೀಕ್ಷೆಗೆ ಕಳ್ಸಿದ್ದು!” ರಮ್ಯಾ ಚಪ್ಪಲಿಯಿಲ್ಲದೆ ಓಡಿದಳು. ಬೆಂಕಿಗೆ ಓಡುವವರ ಕಿವಿಗೆ ಪರೀಕ್ಷೆ ಕೇಳುತ್ತದೆಯೇ?

ಬ್ಯಾರನ್ ಬಳಿ ಬೆಂಕಿಯೇನೋ ಇತ್ತು. ಇರಬೇಕಾದ ಕಡೆಯೇ ಇತ್ತು, ಒಲೆಯಲ್ಲಿ. ಹೊಗೆ ಕಂಡದ್ದೇ ತಡ, ಕಾಂತರಾಜು ಬಕೆಟ್ಟು ಬೋರಲು ಹಾಕಿದ. ಮಾಯಮ್ಮ ಬಿಂದಿಗೆ ಸುರಿದಳು. ಹಿಂದೆ ಬಂದವರು ಪಕ್ಕದಲ್ಲಿ ಪೇರಿಸಿದ್ದ ಸೌದೆಗೂ ಮುಂಜಾಗ್ರತೆಯೆಂದು ಎರಚಿದರು. ಊರಿನಲ್ಲಿ ಆ ಹೊತ್ತು ಉರಿಯಲೇಬೇಕಾಗಿದ್ದ ಒಂದೇ ಒಂದು ಬೆಂಕಿ ಚುಯ್ಯೆಂದು ಆರಿತು. ಫೋನಿನ ಕೂಗಿಗೂ ಏಳದೆ ಪಕ್ಕದ ಚಪ್ಪರದಡಿ ನಿದ್ದೆ ಹೋಗಿದ್ದ ದೊಡ್ಡಬೀರಯ್ಯ ಎದ್ದು ಕೂತಾಗ ಮೀಸೆಯಿಂದ ಟೀ ವಾಸನೆಯ ನೀರು ತೊಟ್ಟಿಕ್ಕುತ್ತಿತ್ತು.

“ಯಾಕ್ರಲಾ? ನಾನೇನ್ ಸತ್ತೋದ್ನಾ, ನೀರ್ ಬುಡಾಕೆ ಬಂದ್ರಾ?”

“ನಿನ್ ಬ್ಯಾರನ್‌ಗೆ ಬೆಂಕಿ ಬಿದ್ದದೆ ಅಂತ ಫೋನು ಬಡ್ಕೊಂತು ಕಣಣ್ಣೋ!” ಎಂದ ಕಾಂತರಾಜು.

“ಬೆಂಕಿ ಇಲ್ದೆ ನಿಮ್ಮಪ್ಪ ಬೇಯಿಸ್ತಾನೇನ್ಲಾ ಸೊಪ್ಪ? ಸೊಪ್ಪು ಬಣ್ಣಕ್ಕೆ ತಿರುಗೋ ಹೊತ್ತು! ಈಗ ಕಾವು ಇಳೀತು ಅಂದ್ರೆ ಎಲ್ಲಾ ಕರ್ರಗಾಗೋಯ್ತದೆ!”

ಎಲ್ಲರ ಕಣ್ಣೂ ಏದುಸಿರು ಬಿಡುತ್ತ ಬಂದ ರಮ್ಯಾಳ ಮೇಲೆ ಬಿತ್ತು. ಅವಳು ನಿಜ ಹೇಳಿದಳು. ಮುಗಿಯುವ ಮುನ್ನವೇ ದೊಡ್ಡಬೀರಯ್ಯ ಚಪ್ಪರದ ಗೂಟಕ್ಕೆ ನೇತುಹಾಕಿದ್ದ ಅಂಗಿಯಿಂದ ಫೋನು ತೆಗೆದ.

“ಮೊದ್ಲು ಈ ಶನೀನ ತಗದಾಕ್ತೀನಿ. ಎಲ್ಲಿ ಒತ್ಬೇಕವ್ವಾ?”

“ನಂದೂ ತಗದಾಕು ಮಗಾ, ಎದೆ ಇನ್ನೂ ಡವಡವ ಅಂತದೆ” ಎಂದಳು ಮಾಯಮ್ಮ.

ರಮ್ಯಾಳಿಗೆ ಹೊಂಗೆ ಮರ ಬುಡಸಮೇತ ಉರುಳಿದ ಹಾಗಾಯಿತು. “ದೊಡ್ಡಪ್ಪಾ, ಸಂಜೆ ಆರು ಗಂಟೆವರ್ಗೆ ಇರ್ಲಿ, ನಿಮ್ ಕಾಲಿಗ್ ಬೀಳ್ತೀನಿ!”

ಆಗ, ಹಿಂದೆಯೇ ಓಡಿಬಂದಿದ್ದ ಯಶೋದಮ್ಮ ಮಗಳ ಕಿವಿಯಲ್ಲಿ ಪಿಸುಗುಟ್ಟಿದಳು. “ಕೋಳಿ ತಪ್ಪಿಸ್ಕೊಂಡ್ ಓಯ್ತವೆ ಅಂದ್ರೆ ಏನ್ಮಾಡ್ತೀವಿ? ಮಂಕ್ರಿ ಮುಚ್ಚಾಕ್ತೀವಿ. ಫೋನೇ ಕೈಲಿ ಇಲ್ದಿದ್ರೆ ಹೆಂಗೆ ತಗದಾಕ್ತಾರೆ?”

ಅವ್ವನ ತಲೆಗೆ ರಮ್ಯಾ ಮನಸ್ಸಿನಲ್ಲೇ ಕೈಮುಗಿದಳು. “ಎಲ್ರೂ ಫೋನು ನಂಗೆ ಕೊಡಿ. ಆ ಕೂಗಾಟ ನಿಲ್ಲೋ ಹಂಗೆ ಸರಿ ಮಾಡಿ ಸಂಜೆ ವಾಪಸ್ ಕೊಡ್ತೀನಿ” ಎಂದಳು. ಮಾತು ಪೂರಾ ಸುಳ್ಳಲ್ಲ. ಒಂದು ಗಳಿಗೆಯೊಳಗೆ ಅವಳ ಮನೆ ನಡುಮನೆಯಲ್ಲಿ, ಕೋಳಿ ಮುಚ್ಚುವ ಮಂಕರಿಯ ಕೆಳಗೆ, ಹನ್ನೆರಡು ಫೋನುಗಳು ಬೆಚ್ಚಗೆ ಮಲಗಿದವು.

ಮಲಗಿದವು ಎಂದುಕೊಂಡದ್ದೇ ತಪ್ಪು. ಭಾನುವಾರದ ದಿನ ಊರಿನ ಫೋನುಗಳಿಗೆ ನೆಂಟರ ಪ್ರೀತಿ ಉಕ್ಕುವ ಕಾಲ. ಮೊದಲು ಮಾಯಮ್ಮನದು ಬಡಿದುಕೊಂಡಿತು. ಕೆ.ಆರ್. ನಗರದಿಂದ ಮಗಳು.

“ಇದ್ಯಾರು? ನಮ್ಮವ್ವ ಎಲ್ಲಿ?”

“ಅಕ್ಕಾ, ನಾನು ಎದುರು ಮನೆ ರಮ್ಯಾ. ಅವ್ರು ಬ್ಯಾರನ್ ಹತ್ರ ಅವ್ರೆ. ಬೆಂಕಿ ಅಂತ ನೀರು ತಗೊಂಡು...”

“ಅಯ್ಯೋ ಬೆಂಕಿನಾ! ಅವ್ವಾ...!” ಎಂಬ ಚೀತ್ಕಾರದ ಜೊತೆ ಫೋನು ಕಟ್ಟಾಯಿತು. ವಾಪಸ್ ಮಾಡೋಣವೆಂದರೆ ಫೋನಿಗೆ ಲಾಕು. ಬಿಡಿಸಲು ಮಾಯಮ್ಮನ ಹೆಬ್ಬೆಟ್ಟೇ ಬೇಕು.

ಅಷ್ಟರಲ್ಲಿ ದೊಡ್ಡಬೀರಯ್ಯನದು. “ಬೀರಯ್ಯಣ್ಣಾ, ಸೌದೆ ನಂಜಣ್ಣ ಕಣಣ್ಣ. ಕೋಟೆ ಕಡೆಯಿಂದ ಟ್ರ್ಯಾಕ್ಟರ್ ತತ್ತಾ ಇದೀನಿ, ನಾಳೆಗೆ ಅಂದಿದ್ರಿ, ಇವತ್ತೇ ಇಳಿಸ್ಲಾ?”

“ಇಳ್ಸಿ, ಬೇಗ ತನ್ನಿ!” ಎಂದು ರಮ್ಯಾ ಕಿರುಚಿದಳು.

“ಎಲಾ, ಬೀರಯ್ಯಣ್ಣ ಹೆಣ್ಣಾಗವ್ನೆ! ರಾಂಗ್ ನಂಬರ್ರು” ಎಂದು ಅವನು ಇಟ್ಟೇಬಿಟ್ಟ. ರಮ್ಯಾ ಮಂಕರಿಯ ಮುಂದೆ ಕೈಮುಗಿದು ಕೂತಳು. ನಂಜಣ್ಣ ಎರಡನೇ ಸಲ ಮಾಡಿದ. ಈ ಸಲ ಅವಳು ಗಂಟಲು ದಪ್ಪ ಮಾಡಿ, “ಊಂ, ತತ್ತಾ ಬಾರ್ಲಾ” ಎಂದಷ್ಟೇ ಹೇಳಿದಳು. “ಶೀತ ಆಗದಾ ಅಣ್ಣಾ? ಬಂದೆ ಬುಡಿ” ಎಂದ ಅವನು.

ಕಾಂತರಾಜು ಬಾಗಿಲಿಗೇ ಬಂದ. “ರಮ್ಯಾ, ನನ್ ಫೋನ್ ಕೊಡು ತಾಯಿ. ಟೀ ಕುಡ್ದೋರೆಲ್ಲ ‘ಸ್ಕ್ಯಾನ್ ಮಾಡಿದೀನಿ ಕಾಂತಣ್ಣ’ ಅನ್ಕಂಡು ಮೀಸೆ ಒರಸ್ಕಂಡು ಓಯ್ತಾವ್ರೆ. ಬಂತೋ ಇಲ್ವೋ ನಂಗೇನ್ ಗೊತ್ತು? ಕೊಟ್ರೆ ಸೈ, ಇಲ್ಲಾಂದ್ರೆ ನಿನ್ ಆ್ಯಪ್ ಇವತ್ತೇ ಮಸಣಕ್ಕೆ.”

“ಅಣ್ಣಾ, ನಾನೇ ಹೇಳ್ತೀನಿ. ನೀವ್ ಅಂಗಡೀಲಿ ಕೂತ್ಕೊಳಿ.”

ಆಮೇಲೆ ಅರ್ಧ ದಿನ ರಮ್ಯಾ ಕಿಟಕಿಯಲ್ಲಿ ನಿಂತು, ಕಾಂತರಾಜುವಿನ ಫೋನು ಒಂದೊಂದು ಸಲ ಗುನುಗಿದಾಗಲೂ, “ಬಂತು ಕಾಂತಣ್ಣಾ!” ಎಂದು ಬೀದಿಗೆ ಕೂಗಿದಳು. ಗುನುಗದಿದ್ದಾಗ, “ಇನ್ನೂ ಬಂದಿಲ್ಲ, ಆ ಚೆಕ್ಸ್ ಶರ್ಟಿನೋರ್ನ ಹಿಡ್ಕೊಳಿ!” ಎಂದಳು. ಕುಡಿದು ಜಾರಿಕೊಳ್ಳುತ್ತಿದ್ದವರು ಅವತ್ತು ಇಬ್ಬರು ಸಿಕ್ಕಿಬಿದ್ದರು. ಕಾಂತರಾಜುವಿಗೆ ಎಂಥ ಖುಷಿಯಾಯಿತೆಂದರೆ, “ದುಡ್ಡು ಬಂತು ಅಂತ ಕೂಗೋ ಮಿಶನ್‌ಗಿಂತ ನೀನೇ ವಾಸಿ ಕಣವ್ವ” ಎಂದು ಶುಂಠಿ ಟೀ ಕಳಿಸಿಕೊಟ್ಟ.

ಮಧ್ಯಾಹ್ನದ ಬಸ್ಸಿಗೆ ಮಾಯಮ್ಮನ ಮಗಳು ಎರಡು ಮಕ್ಕಳನ್ನು ಎಳೆದುಕೊಂಡು ಬಂದಿಳಿದಳು. ಬಸ್ಸಿಳಿದ ಕಡೆಯಿಂದಲೇ ಅಳು. ಮಾಯಮ್ಮ ಜಗಲಿಯ ಮೇಲೆ ಅಕ್ಕಿ ಆರಿಸುತ್ತಿದ್ದಳು.

“ಯಾಕವ್ವಾ ಅಳ್ತೀಯ? ಅಳಿಯಂದ್ರು ಏನಾರ ಅಂದ್ರಾ?”

“ನೀನು ಸುಟ್ಟೋದೆ ಅಂತ...”

“ನಾನ್ಯಾಕೆ ಸುಟ್ಟೋಗ್ಲಿ ಬುಡು! ಸುಟ್ಟೋದೆ ಅಂದ್ರೇನೇ ಬರಾದು ನೀನು? ಯುಗಾದಿಗೂ ಬರ್ನಿಲ್ಲ, ಗೌರಿ ಹಬ್ಬಕ್ಕೂ ಬರ್ನಿಲ್ಲ” ಎಂದು ಮಾಯಮ್ಮ ಮೊಮ್ಮಕ್ಕಳನ್ನು ಬಾಚಿ ತಬ್ಬಿಕೊಂಡಳು. ತಪ್ಪೊಪ್ಪಿಕೊಳ್ಳಲು ಓಡಿಬಂದ ರಮ್ಯಾಳಿಗೆ, “ಇರ್ಲಿ ಬುಡವ್ವ, ನಿನ್ ಬೆಂಕಿಯಿಂದ ನನ್ ಮಗಳ ಮಕ ಕಂಡೆ” ಎಂದಳು.

ಆದರೂ ದೊಡ್ಡಬೀರಯ್ಯ ಬಾಕಿ. ನೆನೆದ ಸೌದೆಯನ್ನು ಊದಿ ಊದಿ ಆತನ ಕಣ್ಣು ಕೆಂಡವಾಗಿತ್ತೇ ಹೊರತು ಒಲೆಯಲ್ಲಿ ಕೆಂಡವಿರಲಿಲ್ಲ. ಬೆಳಗಿನಿಂದ ಕಾವು ಇಳಿಯುತ್ತಲೇ ಇತ್ತು. “ಸೊಪ್ಪು ಕರ್ರಗಾಗ್ಲಿ, ನಿನ್ ಆ್ಯಪು ನನ್ ಕೈಲೇ ಸಾಯೋದು” ಎಂದು ಆತ ಎರಡು ಸಲ ಹೇಳಿ ಕಳಿಸಿದ್ದ. ರಮ್ಯಾ ರಸ್ತೆಯನ್ನೇ ನೋಡುತ್ತ ನಿಂತಳು. ಕೊನೆಗೆ ತಿರುವಿನಲ್ಲಿ ಧೂಳೆದ್ದಿತು. ಒಣಸೌದೆ ತುಂಬಿದ ನಂಜಣ್ಣನ ಟ್ರ್ಯಾಕ್ಟರು ಅವಳ ಕಣ್ಣಿಗೆ ಹೂವಿನ ಪಲ್ಲಕ್ಕಿಯಂತೆ ತೂಗಾಡುತ್ತ ಬಂತು. ಊರವರೇ ಸೇರಿ ಇಳಿಸಿದರು. ಬೆಳಗ್ಗೆ ಆರಿಸಿದ ಕೈಗಳೇ ಒಲೆ ಹೊತ್ತಿಸಿದವು. ದೊಡ್ಡಬೀರಯ್ಯ ಬ್ಯಾರನ್ನಿನ ಕಿಂಡಿಯಿಂದ ಇಣುಕಿ, ಒಂದು ಎಲೆ ಮುರಿದು ಮೂಸಿ, ಬೆಳಕಿಗೆ ಹಿಡಿದು ನೋಡಿದ. ಎಲೆ ನಿಂಬೆಹಣ್ಣಿನ ಬಣ್ಣಕ್ಕಿತ್ತು.

“ಉಳೀತು ಬುಡ್ರಪ್ಪಾ” ಎಂದ. ಊರೇ ಉಸಿರು ಬಿಟ್ಟಿತು. “ನಾಳೆ ಬರೋ ಸೌದೆ ಇವತ್ತೇ ಬಂತಲ್ಲಾ, ಅದ್ಯಾರ್ಲಾ ಹೇಳಿದ್ದು?”

“ನೀವೇ ಅಣ್ಣಾ ಹೇಳಿದ್ದು. ಶೀತ ವಾಸಿ ಆಯ್ತಾ?” ಎಂದ ನಂಜಣ್ಣ.

ರಮ್ಯಾ ಮೆಲ್ಲಗೆ ಅಲ್ಲಿಂದ ಜಾರಿದಳು.

ಆರು ಗಂಟೆಗೆ ಕಂಪ್ಯೂಟರ್ ಪರದೆಯಲ್ಲಿ ನೋಡಿದರೆ ಹನ್ನೆರಡಕ್ಕೆ ಹನ್ನೆರಡೂ ಇದ್ದವು. ಸ್ಟೋರಿಗೆ ಅರ್ಜಿ ಕಳಿಸುವ ಗುಂಡಿ ಒತ್ತಿದಳು. ಮಂಕರಿ ಎತ್ತಿ, ಅವರವರ ಫೋನು ಅವರವರಿಗೆ ಕೊಟ್ಟು ಬಂದು, ಉಂಡವಳೇ ಮಲಗಿಬಿಟ್ಟಳು. ಕನಸಿನಲ್ಲಿ ಹೊಂಗೆ ಮರ ಹೂ ಬಿಟ್ಟಿತ್ತು.

ಗುರುವಾರ ಯಾರದೋ ಪಹಣಿ ಜೆರಾಕ್ಸ್ ಮಾಡುತ್ತಿರುವಾಗ ಉತ್ತರ ಬಂತು. ಅವಳು ಓದಿದಳು. ಮತ್ತೆ ಓದಿದಳು. ಮಿಶನ್ನು ಒಂದೇ ಪಹಣಿಯನ್ನು ಹೊರಹಾಕುತ್ತಲೇ ಇತ್ತು.

“ಏನಮ್ಮಾ, ಹಿಂದಿನ ಕೋಣೆ ಗುಡಿಸ್ಲಾ?” ಎಂದರು ನಂಜುಂಡೇಶ್.

“ಬೇಡ ಸಾರ್. ಹನ್ನೆರಡು ಜನ ಇಟ್ಕೊಂಡಿರೋದೇನೋ ಸರಿ, ಆದ್ರೆ ಎರಡು ವಾರದಲ್ಲಿ ಒಬ್ರೂ ಅದನ್ನ ತೆರೆದು ಬಳಸೇ ಇಲ್ವಂತೆ. ನಿಜವಾಗಿ ಬಳ್ಸಿ, ಇನ್ನೆರಡು ವಾರ ಪರೀಕ್ಷೆ ಮಾಡಿ ಅಂತ ಬರ್ದವ್ರೆ.”

“ಅಲ್ಲಾ, ಊರ್ನಲ್ಲಿ ಒಬ್ರೂ ಮುಟ್ಲಿಲ್ವಾ? ಮುಟ್ಬೇಡಿ ಅಂತ ಯಾರಾದ್ರೂ ಹೇಳಿದ್ರಾ?”

“ನಾನೇ ಸಾರ್.”

ಸಂಜೆ ಟೀ ಅಂಗಡಿಯ ಮುಂದೆ ಎಲ್ಲರನ್ನೂ ಸೇರಿಸಿ ಹೇಳಬೇಕಾಯಿತು. ಬೈಯುತ್ತಾರೆಂದು ಹೆದರಿದ್ದಳು. ಯಾರೂ ಬೈಯಲಿಲ್ಲ. ದೊಡ್ಡಬೀರಯ್ಯ ಮಾತ್ರ, “ಬೆಂಕಿ ಅಂದೇಟ್ಗೆ ಹನ್ನೆಲ್ಡು ಮನೇರೂ ಬಿಂದಿಗೆ ತಕೊಂಡು ಓಡ್ ಬಂದ್ರಲ್ಲವ್ವಾ, ಅದು ಬಳಸ್ದಂಗಲ್ವಾ?” ಎಂದು ಕೇಳಿದ.

“ಓಡಿದ್ದು ಅವ್ರಿಗೆ ಕಾಣಲ್ಲ ದೊಡ್ಡಪ್ಪ. ಫೋನಿಗೆ ಬೆರಳು ಇಟ್ರೆ ಮಾತ್ರ ಕಾಣೋದು.”

“ಥೂ, ಅದೆಂಥಾ ಕಣ್ಣವ್ವ ಅವರ್ದು! ಆಗ್ಲಿ, ದಿನಾ ಬೆರಳಿಡ್ತೀವಿ ಬುಡು.”

ರಮ್ಯಾಳ ಎದೆ ಹಗುರವಾಯಿತು. ಕೋಣೆ ಸಿಗದಿದ್ದರೂ ಊರು ಕೈಬಿಟ್ಟಿರಲಿಲ್ಲ.

ಮರುದಿನ ಬೆಳಗ್ಗೆ ಅವಳು ಬಸ್ಸಿಗೆ ಹೊರಟು ತಲೆ ಬಾಚುತ್ತಿದ್ದಳು. ಊರಿನ ಫೋನುಗಳೆಲ್ಲ ಒಟ್ಟಿಗೆ ಊಳಿಟ್ಟವು. ‘ಬೆಂಕಿ! ಬೆಂಕಿ! ದೊಡ್ಡಬೀರಯ್ಯನವರ ಬ್ಯಾರನ್‌ಗೆ ಬೆಂಕಿ!’ ಈ ಸಲ ಅವಳು ಏನನ್ನೂ ಒತ್ತಿರಲಿಲ್ಲ. ಕಿಟಕಿಯಿಂದ ನೋಡಿದರೆ ಬ್ಯಾರನ್ ಕಡೆ ದಟ್ಟ ಹೊಗೆ. ಬಾಚಣಿಗೆ ತಲೆಯಲ್ಲೇ ಬಿಟ್ಟು, ಬಿಂದಿಗೆ ಎತ್ತಿಕೊಂಡು ಬೀದಿಗೆ ಬಿದ್ದಳು.

ಬೀದಿಯಲ್ಲಿ ಒಬ್ಬರೂ ಕೂತಲ್ಲಿಂದ ಎದ್ದಿರಲಿಲ್ಲ. ಮಾಯಮ್ಮ ಮೊಮ್ಮಗಳಿಗೆ ಜಡೆ ಹಾಕುತ್ತಿದ್ದಳು. ಕಾಂತರಾಜು ಟೀ ಎತ್ತರಕ್ಕೆ ಎತ್ತಿ ಸುರಿಯುತ್ತ, “ರಮ್ಯಾ ಪರೀಕ್ಷೆ ಮಾಡ್ತಾವ್ಳೆ, ಕುಡೀರಿ ಕುಡೀರಿ” ಎಂದು ಗಿರಾಕಿಗಳಿಗೆ ಹೇಳುತ್ತಿದ್ದ.

“ನಾನಲ್ಲ! ನಿಜವಾಗ್ಲೂ ಬೆಂಕಿ! ಬರ್ರೋ!” ಎಂದು ಕೂಗುತ್ತಲೇ ಓಡಿದಳು. ಒಬ್ಬರೂ ಹಿಂದೆ ಬರಲಿಲ್ಲ. ಇಡೀ ಊರಿಗೆ ಒಂದೇ ಬಿಂದಿಗೆ, ಅದನ್ನು ಹೊತ್ತವಳು ಒಬ್ಬಳೇ.

ಬ್ಯಾರನ್ ನೆಟ್ಟಗೆ ನಿಂತಿತ್ತು. ಆಗಷ್ಟೇ ಹಾಕಿದ ಸೌದೆ ಒಲೆಯಲ್ಲಿ ಸುಖವಾಗಿ ಹೊಗೆಯಾಡುತ್ತಿತ್ತು. ಚಪ್ಪರದಡಿ ದೊಡ್ಡಬೀರಯ್ಯ ಫೋನನ್ನು ಮೊಳದುದ್ದ ದೂರ ಹಿಡಿದು, ಕೆಂಪು ಗುಂಡಿಯ ಮೇಲೆ ಹೆಬ್ಬೆಟ್ಟು ಊರಿ ಕೂತಿದ್ದ.

ಬೆಂಕಿ ಇರಲಿಲ್ಲ. ರಮ್ಯಾ ಬಿಂದಿಗೆ ಇಳಿಸಿ ಅಲ್ಲೇ ಕೂತಳು. ನಗು ಬಂತು, ಅಳುವೂ ಬಂತು. ಬಿಂದಿಗೆಯ ನೀರಿನಲ್ಲೇ ಮುಖ ತೊಳೆದುಕೊಂಡಳು.

“ಬೆಳ್ಗೆ ಬೆಳ್ಗೇನೇ ಬಳಸ್ಬುಟ್ಟೆ ಕಣವ್ವ” ಎಂದ ದೊಡ್ಡಬೀರಯ್ಯ, ಹೋಂವರ್ಕ್ ಮುಗಿಸಿದ ಹುಡುಗನ ಹಾಗೆ ಬೀಗುತ್ತ. “ನೀನು ಬಿಂದಿಗೆ ತಕೊಂಡು ಬರೋಕೆ ಸರಿಹೋಗ್ಬೇಕಲ್ಲ, ನಾಳೆ ಎಷ್ಟೊತ್ಗೆ ಒತ್ಲಿ?”