ಮಾವನ ಕೆಂಪು ಪೆನ್ಸಿಲ್ಲು

ಐದೂವರೆಗೆ ಹಾಲಿನ ಪ್ಯಾಕೆಟ್ಟು, ಆರಕ್ಕೆ ಬಾಗಿಲಿಗೆ ನೀರು ಹಾಕಿ ರಂಗೋಲಿ, ಆರೂಕಾಲಿಗೆ ಡಿಕಾಕ್ಷನ್ನು, ಆರೂವರೆಗೆ ಮಹಡಿಯ ಕೋಣೆಯಿಂದ ಪೋಲೆಂಡ್ ದೇಶದವನೊಬ್ಬನ ಆರ್ತನಾದ. ಆ ಶನಿವಾರವೂ ನಮ್ಮ ಮನೆಯ ಬೆಳಗು ಹೀಗೆ ಕ್ರಮಬದ್ಧವಾಗಿಯೇ ಆರಂಭವಾಯಿತು.

ನಮ್ಮ ಮಾವನಷ್ಟು ಸಾಧು ಮನುಷ್ಯರು ಚಾಮರಾಜಪೇಟೆಯ ಅಷ್ಟೂ ಮುಖ್ಯರಸ್ತೆಗಳನ್ನು ಜಾಲಾಡಿದರೂ ಸಿಗಲಾರರು. ಸಕ್ಕರೆ ಡಬ್ಬಿಗೆ ಇರುವೆ ಬಿದ್ದರೆ ಚಮಚದಲ್ಲಿ ಎತ್ತಿ ಕಿಟಕಿಯಾಚೆ ಇಳಿಸಿ ಬರುವವರು. ಆದರೆ ಏಳು ಪೆಟ್ಟು ಬಾರಿಸಬೇಕಾದ ಕಡೆ ಯಾವನೋ ಡ್ರಮ್ಮಿನವನು ಎಂಟು ಬಾರಿಸಿದನೋ, ಮುಗಿಯಿತು. "ಇವನ ಕೈ ಸೇದ್ಹೋಗ!" ಎಂಬ ಶಾಪ ಮಹಡಿ ಮೆಟ್ಟಿಲಿಳಿದು ನನ್ನ ಒಗ್ಗರಣೆಯವರೆಗೂ ಬರುತ್ತದೆ.

ಇವರು ನನ್ನ ಅಮ್ಮನ ಕೊನೆಯ ತಮ್ಮ. ನನಗಿಂತ ಹನ್ನೊಂದೇ ವರ್ಷ ದೊಡ್ಡವರು. ಮದುವೆಯಾಗಲಿಲ್ಲ. ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಗಳಿಗೆ ಕರಡು ತಿದ್ದಿಕೊಡುವುದು ಮೂವತ್ತು ವರ್ಷಗಳ ಕಸುಬು. "ಅರ್ಧ ಬೆಂಗಳೂರಿನ ಮದ್ವೆ ತಿದ್ದಿದೀನಿ ಪುಟ್ಟಿ, ನಂದೊಂದು ಪ್ರೆಸ್ಸಿಗೇ ಹೋಗ್ಲಿಲ್ಲ" ಎಂದು ತಾವೇ ನಗುತ್ತಾರೆ.

ಯೌವನದಲ್ಲಿ ಕಂಟೋನ್ಮೆಂಟಿನ ಒಂದು ಪ್ರೆಸ್ಸಿನಲ್ಲಿ ಕೆಲಸ ಕಲಿಯುವಾಗ, ಅಲ್ಲಿನ ಫೋರ್‌ಮನ್ ಮನೆಯಲ್ಲಿ ಇಂಗ್ಲೆಂಡಿನ ಬ್ಯಾಂಡೊಂದರ ರೆಕಾರ್ಡು ಕೇಳಿದರಂತೆ. ಪ್ರೋಗ್ರೆಸ್ಸಿವ್ ರಾಕ್ ಎನ್ನುತ್ತಾರೆ ಅದಕ್ಕೆ. ರೆಕಾರ್ಡಿನ ಒಂದು ಮಗ್ಗುಲಿಗೆ ಒಂದೇ ಹಾಡು! ಇಪ್ಪತ್ತಮೂರು ನಿಮಿಷ! ಅದು ಮುಗಿಯುವುದರೊಳಗೆ ಕುಕ್ಕರಿನಲ್ಲಿ ಬೇಳೆ ಬೆಂದು, ಆರಿ, ಸಾರೂ ಕುದಿದು ಕೆಳಗಿಳಿದಿರುತ್ತದೆ. "ನೀನು ಕಾನ್ವೆಂಟು, ಅರ್ಥ ಹೇಳು" ಎಂದು ಒಮ್ಮೆ ಸಾಹಿತ್ಯ ಬರೆದ ಹಾಳೆಯನ್ನು ನನ್ನ ಮುಂದಿಟ್ಟರು. ಎರಡು ಸಲ ಓದಿದೆ.

"ಮಾವ, ಇದ್ರಲ್ಲಿ ಕ್ರಿಯಾಪದವೇ ಇಲ್ವಲ್ಲ!"

"ಅದಕ್ಕೇ ಅದು ಶಾಶ್ವತ" ಎಂದರು.

ಹೋಗಲಿ, ಅದನ್ನೇ ಕೇಳಿಕೊಂಡು ಇದ್ದರಾಯಿತಲ್ಲ? ಇಲ್ಲ. ಆ ಬ್ಯಾಂಡಿಗೆ ಲೋಕದ ತುಂಬ ಭಕ್ತರಿದ್ದಾರೆ. ಪೋಲೆಂಡಿನವರು, ಇಟಲಿಯವರು, ಜಪಾನಿನವರು ಸೇರಿಕೊಂಡು ಅವೇ ಹಾಡುಗಳನ್ನು ತಾವು ನುಡಿಸಿ, ಕಾಣಿಕೆಯೆಂದು ಆಲ್ಬಮ್ಮು ಹೊರತರುತ್ತಾರೆ. ಟ್ರಿಬ್ಯೂಟ್ ಆಲ್ಬಮ್ಮು. ಅಂಥವು ಮಾವನ ಕಪಾಟಿನಲ್ಲಿ ಮೂವತ್ತೆಂಟಿವೆ. ನಮ್ಮವರು ಒಂದು ದಿನ ತಿಂಡಿ ತಿನ್ನುತ್ತ ಕೇಳಿಯೇಬಿಟ್ಟರು.

"ಅಲ್ಲ, ಒರಿಜಿನಲ್ಲೇ ಮನೇಲಿರೋವಾಗ ಬೇರೆಯವರು ಹಾಡಿದ್ದು ಯಾಕೆ ಮಾವ?"

"ನಿಮ್ಮಮ್ಮ ಬಿಸಿಬೇಳೆಭಾತು ಮಾಡ್ತಿದ್ರಲ್ಲ ಅಳಿಯಂದ್ರೇ, ಅದೇ ಒರಿಜಿನಲ್ಲು. ಈಗ ಇವಳು ಮಾಡಿದ್ದನ್ನ ಯಾಕೆ ತಿಂತಿದೀರಿ?"

"ನಾನೂ ಅದನ್ನೇ ಯೋಚಿಸ್ತಾ ಇದೀನಿ!"

ಆ ದಿನ ಇಬ್ಬರಿಗೂ ಎರಡನೇ ಕಾಫಿ ಸಿಗಲಿಲ್ಲ.

ನಿಜ ಹೇಳಬೇಕೆಂದರೆ ಮಾವ ಆ ಆಲ್ಬಮ್ಮುಗಳನ್ನು ಕೇಳುವುದಿಲ್ಲ, ತಿದ್ದುತ್ತಾರೆ! ಅವರ ಲೆಕ್ಕದಲ್ಲಿ ಆ ಬ್ಯಾಂಡಿನದು ಮೂಲ ಪ್ರತಿ, ಮಿಕ್ಕವೆಲ್ಲ ಕರಡು. ಸಿ.ಡಿ.ಯ ಜೊತೆಗಿರುವ ಪುಟ್ಟ ಪುಸ್ತಕವನ್ನು ತೊಡೆಯ ಮೇಲೆ ಹರಡಿಕೊಂಡು, ಕೆಂಪು ಪೆನ್ಸಿಲ್ಲು ಹಿಡಿದು ಕೂರುತ್ತಾರೆ. ಎಲ್ಲಿ ಸ್ವರ ಬಿಟ್ಟಿತೋ ಅಲ್ಲಿ ಒಂದು ಕೊಕ್ಕೆ, ಎಲ್ಲಿ ಹೆಚ್ಚಾಯಿತೋ ಅಲ್ಲಿ ಒಂದು ಗೀಟು. ಇಟಲಿಯವರು ಪಾಪ, ಒಂದು ಹಾಡಿನ ನಡುವೆ ತಮ್ಮದೇ ಸ್ಯಾಕ್ಸೊಫೋನು ಸೇರಿಸಿದ್ದರು. ನನಗಂತೂ ಇಂಪಾಗಿತ್ತು. ಮಾವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ಮೂಲದಲ್ಲಿ ಇಲ್ಲದ್ದನ್ನ ಸೇರ್ಸೋಕೆ ಇವ್ರ್ಯಾರು? ನಾನು ಕಾರ್ಡು ತಿದ್ದೋವಾಗ ವಧೂಗೆ ಇನ್ನೊಬ್ಬ ಅಣ್ಣನ್ನ ಸೇರಿಸ್ಬಿಡ್ಲಾ?"

ಪೋಲೆಂಡಿನವರಿಗೆ ಹದಿನಾಲ್ಕು ತಪ್ಪುಗಳ ಪಟ್ಟಿ ಮಾಡಿ ಪತ್ರವನ್ನೇ ಬರೆದರು, ಅಂದರೆ ನನ್ನ ಕೈಯಲ್ಲಿ ಬರೆಸಿದರು. "ಕಾಗುಣಿತ ಕಾನ್ವೆಂಟಿಂದು, ಕೋಪ ನಂದು" ಎಂಬ ಒಪ್ಪಂದ. ನಾನು ಆ ಕೋಪಕ್ಕೆ ಅಲ್ಲಲ್ಲಿ 'ದಯವಿಟ್ಟು' ಸೇರಿಸಿ ಕಳಿಸಿದೆ. ಎರಡು ತಿಂಗಳಿಗೆ ಉತ್ತರ ಬಂತು! ನಾಲ್ವರು ಗಡ್ಡಧಾರಿಗಳು ಸಹಿ ಹಾಕಿದ್ದರು. ಹದಿನೇಳನೆಯ ನಿಮಿಷದ ಬಗ್ಗೆ ತಮಗೂ ಬಹಳ ದಿನದಿಂದ ನಾಚಿಕೆಯಿದೆಯೆಂದು ಬರೆದಿದ್ದರು. ಮಾವ ಅದಕ್ಕೆ ಕಟ್ಟು ಹಾಕಿಸಿ ರಾಘವೇಂದ್ರಸ್ವಾಮಿಗಳ ಪಟದ ಪಕ್ಕಕ್ಕೆ ನೇತುಹಾಕಿದ್ದಾರೆ.

ಏಳರ ತಾಳ ಅವರನ್ನು ಬಸ್ಸಿನಲ್ಲೂ ಬಿಡುವುದಿಲ್ಲ. ಒಂದು ಕೈ ತೊಡೆಯ ಮೇಲೆ ತಟ್ಟುತ್ತಿರುತ್ತದೆ, ಬೆರಳು ಮಡಚುತ್ತ ಬಿಚ್ಚುತ್ತ ತುಟಿ ಅಲುಗುತ್ತದೆ. ಎದುರು ಮನೆಯ ಶಾರದಮ್ಮ ಒಮ್ಮೆ ಅದೇ ಬಸ್ಸಿನಲ್ಲಿದ್ದರು. ಸಂಜೆ ಕರಿಬೇವು ಕೇಳಲು ಬಂದವರು ಕಣ್ಣರಳಿಸಿ, "ನಿಮ್ಮ ಮಾವನೋರು ಎಂಥ ಜಪ ಮಾಡ್ತಾರೆ ರೀ! ಸ್ಟಾಪು ಹೋಗಿದ್ದೂ ಗೊತ್ತಾಗ್ಲಿಲ್ಲ ಅವ್ರಿಗೆ" ಎಂದರು. ನಾನು ತಿದ್ದಲು ಹೋಗಲಿಲ್ಲ. ಮನೆಗೆ ಒಂದಿಷ್ಟು ಒಳ್ಳೆಯ ಹೆಸರು ಬರುವುದಾದರೆ ಬರಲಿ!

ಇಂಥ ಮಾವನ ಮೇಜಿನ ಮೇಲೆ ಆ ಶನಿವಾರ ನನ್ನ ಮಗಳ ಲಗ್ನಪತ್ರಿಕೆಯ ಕರಡು ಇತ್ತು. ಹನ್ನೆರಡಕ್ಕೆ ಮಾವ ಫೋನಿನಲ್ಲಿ ಒಪ್ಪಿಗೆ ಕೊಟ್ಟರೆ ಐದಕ್ಕೆ ಮೊದಲ ಐವತ್ತು ಕಾರ್ಡು ಕೈಗೆ ಬರುತ್ತವೆಂದು ಅಂಗಡಿಯವರು ಮಾತು ಕೊಟ್ಟಿದ್ದರು. ಆರಕ್ಕೆ ಮೊದಲನೆಯದನ್ನು ಗವಿಪುರದ ಗುಡಿಯಲ್ಲಿ ಇಡಬೇಕು. ಅದು ಮನೆಯ ಪದ್ಧತಿ.

ನನಗೆ ಚಿಂತೆಯಿದ್ದುದು ಮುಹೂರ್ತದ ಬಗ್ಗೆ ಅಲ್ಲ, ಕೊನೆಯ ಪುಟದ 'ಸುಖಾಗಮನ ಬಯಸುವವರು' ಪಟ್ಟಿಯ ಬಗ್ಗೆ. ಹೋದ ಸಲ ನಮ್ಮ ಭಾವನವರ ಮಗನ ಮದುವೆಯಲ್ಲಿ ಒಬ್ಬ ಚಿಕ್ಕಮ್ಮನ ಹೆಸರು ಬಿಟ್ಟುಹೋಗಿ, ಆಕೆ ಮೂರು ವರ್ಷ ನಮ್ಮ ಬೀದಿಯಲ್ಲೇ ಕಾಲಿಡಲಿಲ್ಲ. ಈ ಸಲ ಒಬ್ಬರಿಗೂ ನೋವಾಗಬಾರದೆಂದು ನಾಲ್ಕು ಮಧ್ಯಾಹ್ನ ಕೂತು ನಾನೇ ಪಟ್ಟಿ ಮಾಡಿದ್ದೆ. ಕಾನ್ವೆಂಟಿನ ಸಿಸ್ಟರುಗಳು ಸ್ಕೇಲಿನಿಂದ ಹೊಡೆದು ಕಲಿಸಿದ ದುಂಡಗಿನ ಅಕ್ಷರದಲ್ಲಿ, 'ಶ್ರೀಮತಿ ಮತ್ತು ಶ್ರೀ' ಎಂದು ಜೋಡಿ ಜೋಡಿಯಾಗಿ. ಇಪ್ಪತ್ತಮೂರು ಜೋಡಿ. ಯಾರು ಮೇಲೆ, ಯಾರು ಕೆಳಗೆ ಎನ್ನುವುದಕ್ಕೆ ಒಂಬತ್ತು ಸಲ ಹರಿದು ಬರೆದಿದ್ದೆ.

ಹತ್ತೂವರೆಗೆ ಪೋಸ್ಟ್‌ಮನ್ ಬಂದ. ಜಪಾನಿನಿಂದ ಪಾರ್ಸೆಲ್ಲು! ಹೊಸ ಟ್ರಿಬ್ಯೂಟ್ ಆಲ್ಬಮ್ಮು!

ನಾನು ಅದನ್ನು ಅಕ್ಕಿ ಡ್ರಮ್ಮಿನ ಹಿಂದೆ ಬಚ್ಚಿಡುವಷ್ಟರಲ್ಲಿ ಮಾವ ಮೆಟ್ಟಿಲಿಳಿದಿದ್ದರು. "ಮಾವ, ಮೊದಲು ಕಾರ್ಡು!" ಎಂದೆ.

"ಕಾರ್ಡು ಓದೋದು ಕಣ್ಣಲ್ಲಿ. ಇದನ್ನ ಕೇಳೋದು ಕಿವೀಲಿ. ಜಗಳ ಎಲ್ಲಿ ಬಂತು?"

ಹನ್ನೊಂದೂವರೆಗೆ ನಾನು ಕಾಫಿ ನೆಪದಲ್ಲಿ ಮೇಲೆ ಹೋದೆ. ಕೋಣೆಯ ತುಂಬ ಜಪಾನು. ಮಾವನ ಎಡಕ್ಕೆ ಸಿ.ಡಿ.ಯ ಪುಸ್ತಕ, ಬಲಕ್ಕೆ ನನ್ನ ಮಗಳ ಬಾಳು. ಪೆನ್ಸಿಲ್ಲು ಎರಡರ ಮೇಲೂ ಹಾರಾಡುತ್ತಿತ್ತು. ಬಗ್ಗಿ ನೋಡಿದೆ. ಕಾರ್ಡಿನಲ್ಲಿ ವರನ ತಂದೆಯ ಹೆಸರಿನ ಪಕ್ಕ, 'ನಾಲ್ಕು ಪೆಟ್ಟು ಮೊದಲೇ ಬಂದರು' ಎಂದಿತ್ತು. ಜಪಾನಿನ ಪುಸ್ತಕದಲ್ಲಿ ಆರ್ಗನ್ ನುಡಿಸಿದವನ ಫೋಟೋದ ಕೆಳಗೆ, 'ಸಕುಟುಂಬ ಸಪರಿವಾರ ಎಂದಿರಲಿ'!

"ಅಯ್ಯೋ ಮಾವ!"

"ಗಾಬರಿ ಆಗ್ಬೇಡ, ಅದಲು ಬದಲಾಗಿದೆ ಅಷ್ಟೆ" ಎಂದು ರಬ್ಬರು ಹುಡುಕಿದರು.

ಅಷ್ಟರಲ್ಲಿ ಅಂಗಡಿಯವರ ಫೋನು ಮೂರನೆಯ ಸಲ ಬಡಿದುಕೊಂಡಿತು. ಇನ್ನು ಸುಮ್ಮನಿದ್ದರೆ ಮಗಳ ಮದುವೆ ಏಳರ ತಾಳದಲ್ಲೇ ನಡೆಯುವುದು ಖಂಡಿತವೆಂದುಕೊಂಡು, ನನ್ನ ಜೀವನದಲ್ಲಿ ಮೊದಲ ಬಾರಿ ಮಾವನ ಪ್ಲೇಯರಿನ ಗುಂಡಿ ಒತ್ತಿ ನಿಲ್ಲಿಸಿದೆ. ಎಂಥ ನಿಶ್ಶಬ್ದ! ಬೀದಿಯ ಸೊಪ್ಪಿನವಳ ಕೂಗು ಕೂಡ ಸಂಗೀತದಂತೆ ಕೇಳಿಸಿತು. ಮಾವ ಕನ್ನಡಕ ಒರೆಸಿಕೊಂಡು, ನನ್ನ ಕೈಬರಹದ ಪ್ರತಿಯನ್ನು ಪಕ್ಕಕ್ಕಿಟ್ಟು, ಅಕ್ಷರಕ್ಕೊಂದು ಅಕ್ಷರ ಹೋಲಿಸಿ ಓದಿದರು. ಆಗ ನೋಡಬೇಕಿತ್ತು ಅವರನ್ನು! ಹತ್ತೇ ನಿಮಿಷದಲ್ಲಿ ಆರು ತಪ್ಪು. ಮುಹೂರ್ತದ ಲಗ್ನವೇ ತಪ್ಪಾಗಿತ್ತು, ಛತ್ರದ ರಸ್ತೆ ತಪ್ಪಾಗಿತ್ತು.

ಕೊನೆಯ ಪಟ್ಟಿಗೆ ಬಂದರು. ಪೆನ್ಸಿಲ್ಲಿನ ತುದಿ ಒಂದೊಂದೇ ಜೋಡಿಯನ್ನು ಮುಟ್ಟುತ್ತ ಕೆಳಗಿಳಿಯಿತು, ಮತ್ತೆ ಮೇಲೆ ಹೋಯಿತು, ಮತ್ತೆ ಇಳಿದು ಕೆಳಗೆ ಖಾಲಿ ಜಾಗದಲ್ಲಿ ನಿಂತಿತು.

"ಏನು ಮಾವ? ತಪ್ಪಿದೆಯಾ?"

"ಏನಿಲ್ಲ. ಮೂಲ ಪ್ರತಿ ಇದೇ ತಾನೆ? ನೀನೇ ಬರ್ದಿದ್ದಲ್ವಾ?"

"ನಾನೇ. ಒಂಬತ್ತು ಸಲ!"

"ಹಾಗಾದ್ರೆ ಸರಿಯಾಗಿದೆ" ಎಂದು ಕೆಳಗೆ ಸಹಿ ಮಾಡಿದರು.

ಹನ್ನೆರಡಕ್ಕೆ ಐದು ನಿಮಿಷವಿತ್ತು. ಫೋನಿನಲ್ಲಿ ತಿದ್ದುಪಡಿಗಳನ್ನೆಲ್ಲ ಓದಿ ಹೇಳಿ, ಒಪ್ಪಿಗೆಯೂ ಕೊಟ್ಟರು. ಆಮೇಲೆ ನಾನೇ ಜಪಾನನ್ನು ಮತ್ತೆ ಹಚ್ಚಿಕೊಟ್ಟೆ.

ಮಾತಿನಂತೆ ಐದಕ್ಕೆ ಕಾರ್ಡು ಬಂದವು. ಅರಿಶಿನ ಬಣ್ಣ, ಕೆಂಪು ಅಕ್ಷರ. ಗುಡಿಗೆ ಮಾವನೇ ಕಟ್ಟನ್ನು ಎದೆಗವಚಿಕೊಂಡು ನಡೆದರು, ಯಾರ ಕೈಗೂ ಕೊಡಲಿಲ್ಲ. ಅರ್ಚಕರು ಮಂಗಳಾರತಿ ಎತ್ತುವಾಗ ಅವರ ಬೆರಳುಗಳು ತಾಳ ಹಾಕುತ್ತಿರಲಿಲ್ಲ ಎನ್ನುವುದನ್ನು ಗಮನಿಸಿದೆ. ಬರುವ ದಾರಿಯಲ್ಲಿ, "ಮೂವತ್ತು ವರ್ಷದಲ್ಲಿ ಇಷ್ಟು ಶುದ್ಧವಾದ ಕಾರ್ಡು ನಾನು ನೋಡಿಲ್ಲ ಪುಟ್ಟಿ" ಎಂದರು.

ಏಳರ ಹೊತ್ತಿಗೆ ಶಾರದಮ್ಮ ಬಂದರು. ಕುಂಕುಮ ಕೊಟ್ಟು ಮನುಷ್ಯರ ಪೈಕಿ ಮೊದಲ ಕಾರ್ಡನ್ನು ಅವರಿಗೇ ಕೊಟ್ಟೆ. ದೀಪದ ಕೆಳಗೆ ಕೈ ಚಾಚಿ ದೂರಕ್ಕೆ ಹಿಡಿದು ಓದಿದರು.

"ಏನು ಲಕ್ಷಣವಾಗಿದೆ ರೀ! ಎಲ್ಲಾರ್ ಹೆಸ್ರೂ ಹಾಕ್ಸಿದೀರ, ಯಾರೂ ಬೇಜಾರು ಮಾಡ್ಕೊಳ್ಳೋ ಹಾಗಿಲ್ಲ. ನಿಮ್ಮ ಮಾವನೋರದು ಎಲ್ಲಿದೆ?"

"ಇಲ್ಲೇ" ಎಂದು ಕಾರ್ಡು ಇಸಿದುಕೊಂಡು ತೋರಿಸಲು ಹೋದೆ. ನನ್ನ ಬೆರಳು ಮೊದಲ ಜೋಡಿಯಿಂದ ಕೊನೆಯ ಜೋಡಿಗೆ ಇಳಿಯಿತು. ಮತ್ತೆ ಮೇಲಿನಿಂದ ಇಳಿಯಿತು. ಮುನಿಸಿಕೊಳ್ಳಬಹುದಾದವರೆಲ್ಲ ಅಲ್ಲಿದ್ದರು.

ಶಾರದಮ್ಮ ಕಾರ್ಡನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಸೆರಗಿನಲ್ಲಿಟ್ಟುಕೊಂಡರು. "ಇರ್ಲಿ ಬಿಡಿ, ಕನ್ನಡಕ ಮನೇಲೇ ಬಿಟ್ಬಂದಿದೀನಿ ನೋಡಿ. ಹೋಗಿ ಹಾಕ್ಕೊಂಡು ನಾನೇ ಹುಡುಕ್ತೀನಿ. ಅವರ ಹೆಸರು ಇಲ್ದೇ ಎಲ್ಲಿಗೆ ಹೋಗತ್ತೆ!"